ತೆರಪಿನ ಶಾಲೆ

ಮುಂಬಯಿ ಕನ್ನಡಿಗರ ಕಥೆ ಎಂದರೆ ಊರಿನಲ್ಲಿರುವ ನಿಮಗೆ ಮೊದಲು ನೆನಪಾಗುವುದು ಉಡುಪಿ ಹೋಟೆಲು. ಎ. ರಾಮ ನಾಯಕರು 1942ರಲ್ಲಿ ಮಾಟುಂಗಾ ಸ್ಟೇಷನ್ನಿನ ಬಳಿ ಆರಂಭಿಸಿದ ಶ್ರೀಕೃಷ್ಣ ಬೋರ್ಡಿಂಗಿನ ಹೆಸರನ್ನು ಕೇಳದವರು ಕರಾವಳಿಯಲ್ಲಿ ಕಡಿಮೆ. ಕಪ್ಪು ಬಶಿ ತೊಳೆಯಲು ಬಂದ ಹುಡುಗ ಮುಂದೆ ನಾಲ್ಕು ಹೋಟೆಲಿನ ಧಣಿಯಾದ ಎಂಬ ಕಥೆಯನ್ನು ಸಂಘದ ಸಮಾರಂಭಗಳಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಆ ಕಥೆಯ ನಡುವೆ ಒಂದು ವಾಕ್ಯ ಬಂದು ಹಾಗೇ ಸರಿದು ಹೋಗುತ್ತದೆ: 'ಹಗಲು ದುಡಿದು ರಾತ್ರಿ ಶಾಲೆಯಲ್ಲಿ ಓದಿದರು.' ಆ ಒಂದು ವಾಕ್ಯದ ಬಗ್ಗೆಯೇ ಇಲ್ಲಿ ನಾನು ನಾಲ್ಕು ಮಾತು ಬರೆಯಬೇಕಾಗಿದೆ. ಏಕೆಂದರೆ ಅಂಥ ಒಂದು ಕನ್ನಡ ರಾತ್ರಿ ಶಾಲೆಯಲ್ಲಿ ನಾನು 1976ರಿಂದ ಹದಿನೆಂಟು ವರ್ಷ ಪಾಠ ಹೇಳಿದವನು. ಹಗಲು ಬ್ಯಾಂಕಿನಲ್ಲಿ ಗುಮಾಸ್ತ, ಸಂಜೆ ಆರೂವರೆಗೆ ಮಾಸ್ಟ್ರು.

2020ರಲ್ಲಿ ಕೊರೋನಾ ಬಂದು ಶಾಲೆಗಳಿಗೆ ಬೀಗ ಬಿದ್ದಾಗ, ಶಾಲೆಗೆ ಹೋಗಲಾಗದ ಮಗುವಿಗೆ ಪಾಠ ಮುಟ್ಟಿಸುವುದು ಹೇಗೆ ಎಂದು ದೇಶವೆಲ್ಲ ತಲೆಕೆಡಿಸಿಕೊಂಡಿತು. ಅದು ಹೊಸ ಪ್ರಶ್ನೆ ಎಂಬಂತೆ ಎಲ್ಲರೂ ಮಾತಾಡಿದರು. ಹೊರನಾಡಿನಲ್ಲಿರುವ ನಮಗೆ ಅದು ಹೊಸತಲ್ಲ. ಶಾಲೆಯ ಹೊತ್ತಿಗೆ ಶಾಲೆಗೆ ಹೋಗಲಾಗದ ಮಕ್ಕಳು ಮುಂಬಯಿಯಲ್ಲಿ ನೂರು ವರ್ಷಕ್ಕೂ ಹಿಂದಿನಿಂದ ಇದ್ದರು. ಅವರಿಗಾಗಿ ಮೊದಲು ರಾತ್ರಿ ಶಾಲೆ ಬಂತು, ಆಮೇಲೆ ಅಂಚೆಯ ಪಾಠ ಬಂತು, ಆಕಾಶದಿಂದ ಟೀವಿಯ ಪಾಠ ಬಂತು, ಕೊನೆಗೆ ಮೊಬೈಲು ಬಂತು. ಈ ನಾಲ್ಕನ್ನೂ ಒಂದರ ಪಕ್ಕ ಒಂದಿಟ್ಟು ನೋಡಿದರೆ ನಮಗೆ ಕಲಿಯಲು ಏನೋ ಇದೆ ಅನ್ನಿಸುತ್ತದೆ.

ರಾತ್ರಿ ಶಾಲೆ ನಮ್ಮವರು ಕಂಡುಹಿಡಿದದ್ದೇನೂ ಅಲ್ಲ. ಜೋತಿರಾವ್ ಫುಲೆ ಮತ್ತು ಸಾವಿತ್ರಿಬಾಯಿಯವರು 1855ರಲ್ಲೇ ಪುಣೆಯಲ್ಲಿ ರೈತರಿಗೆ, ಕೂಲಿಕಾರರಿಗೆ ರಾತ್ರಿ ಶಾಲೆ ತೆರೆದಿದ್ದರು. ಹಗಲು ಬೆವರು ಸುರಿಸುವವನಿಗೆ ಅಕ್ಷರ ಬೇಕಾದರೆ ಶಾಲೆಯೇ ತನ್ನ ಹೊತ್ತನ್ನು ಬದಲಿಸಿಕೊಳ್ಳಬೇಕು ಎನ್ನುವುದು ಆ ನೆಲದ ವಿಚಾರ. ಅದನ್ನು ಮುಂಬಯಿಗೆ ಬಂದ ನಮ್ಮ ಹಿರಿಯರು ಹಿಡಿದುಕೊಂಡರು. ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತ್ಯದಲ್ಲಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ ಮೇಲೆ ಎರಡೂ ಜಿಲ್ಲೆಗಳ ಸರಕಾರವೇ ಬೇರೆಯಾಯಿತು. ಆದರೆ ಹೊಟ್ಟೆಪಾಡಿಗೆ ಸರಕಾರದ ಗಡಿ ಯಾಕೆ ಬೇಕು? ಮೊದಲು ಹಡಗಿನಲ್ಲಿ, ಆಮೇಲೆ ಘಾಟಿ ಹತ್ತಿ ಬಸ್ಸಿನಲ್ಲಿ ನಮ್ಮವರು ಬಂದರು. ಬಂದವರು ಊರಿನಲ್ಲಿ ನಾಲ್ಕನೆಯದೋ ಐದನೆಯದೋ ಓದಿ ಬಿಟ್ಟ ಹುಡುಗರು.

ಮೊಗವೀರ ವ್ಯವಸ್ಥಾಪಕ ಮಂಡಳಿ ಸ್ಥಾಪನೆಯಾದದ್ದು 1902ರಲ್ಲಿ. ಕಳೆದ ಶತಮಾನದ ಆರಂಭದ ವರ್ಷಗಳಲ್ಲೇ ಅದು ಉಚಿತ ರಾತ್ರಿ ಶಾಲೆಯ ಕೆಲಸಕ್ಕೆ ಕೈಹಾಕಿತು. 1932ರಲ್ಲಿ ಹುಟ್ಟಿದ ಬಿಲ್ಲವರ ಅಸೋಸಿಯೇಶನ್ ಗುರುನಾರಾಯಣ ರಾತ್ರಿ ಪ್ರೌಢಶಾಲೆಯನ್ನು ನಡೆಸಿತು. ಇನ್ನೂ ಕೆಲವು ಶಾಲೆಗಳು ಇದೇ ದಾರಿ ಹಿಡಿದವು. ಜಾತಿಯ ಹೆಸರಿನ ಸಂಘ ಎಂದು ಮೂಗು ಮುರಿಯುವವರು ಒಂದು ಮಾತು ನೆನಪಿಡಬೇಕು: ಊರಿನಲ್ಲಿ ದೋಣಿಯ ಕಸುಬಿನವನ, ಮೂರ್ತೆ ಇಳಿಸುವವನ ಮಗನಿಗೆ ಹಗಲು ಶಾಲೆಯ ಬಾಗಿಲೇ ಸರಿಯಾಗಿ ತೆರೆದಿರದ ಕಾಲದಲ್ಲಿ ಈ ಸಂಘಗಳು ಪರವೂರಿನಲ್ಲಿ ರಾತ್ರಿಯ ಬಾಗಿಲು ತೆರೆದವು. ನಾನು ಕಂಡಂತೆ ಒಳಗೆ ಕೂತವರಲ್ಲಿ ಎಲ್ಲ ಜಾತಿಯ ಹುಡುಗರೂ ಇದ್ದರು. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಭಾಷೆ, ಪುಸ್ತಕದಲ್ಲಿ ಕನ್ನಡ, ರಸ್ತೆಯಲ್ಲಿ ಬಂಬಯ್ಯಾ ಹಿಂದಿ.

ಇಂಥ ಹಲವು ಶಾಲೆಗಳು ಕೋಟೆ ಎಂದು ನಾವು ಕರೆಯುವ ಫೋರ್ಟ್ ಪ್ರದೇಶದಲ್ಲಿ ಯಾಕಿದ್ದವು? ಇದನ್ನು ಊರಿನವರು ನನ್ನನ್ನು ಕೇಳುತ್ತಿದ್ದರು. ಉತ್ತರ ಸರಳ. ಫೋರ್ಟ್ ಎಂದರೆ ಆಫೀಸುಗಳ ಪೇಟೆ. ಬ್ಯಾಂಕು, ವಿಮೆ, ಹಡಗು ಕಂಪೆನಿ, ವಕೀಲರ ಕಚೇರಿ. ಸಂಜೆ ಆರಕ್ಕೆ ಜನರೆಲ್ಲ ಚರ್ಚ್‌ಗೇಟ್, ವಿ.ಟಿ. ಸ್ಟೇಷನ್ನಿನ ಕಡೆ ಓಡಿದರೆ ಪೇಟೆ ಖಾಲಿ. ಹಾಗಾಗಿ ಅಲ್ಲಿಯ ಆಫೀಸು ಕ್ಯಾಂಟೀನುಗಳಲ್ಲಿ, ಚಾ ಅಂಗಡಿಗಳಲ್ಲಿ ದುಡಿಯುವ ಹುಡುಗನಿಗೆ ಸಂಜೆಯ ಮೇಲೆ ಕೆಲಸ ಕಡಿಮೆ. ಅದೇ ದಾದರಿನಲ್ಲೋ ಘಾಟ್‌ಕೋಪರಿನಲ್ಲೋ ಹೋಟೆಲಿನಲ್ಲಿದ್ದವನಿಗೆ ಸಂಜೆಯೇ ತಿಂಡಿಯ ಗಿರಾಕಿ ಮುಗಿಬೀಳುವ ಹೊತ್ತು. ಒಂದೇ ಊರಿನಿಂದ, ಒಂದೇ ಬಸ್ಸಿನಲ್ಲಿ ಬಂದ ಇಬ್ಬರು ಹುಡುಗರಲ್ಲಿ ಒಬ್ಬ ಎಸ್ಸೆಸ್ಸಿ ಪಾಸಾಗಿ ಇನ್ನೊಬ್ಬ ಹಾಗೇ ಉಳಿದದ್ದಕ್ಕೆ ಬುದ್ಧಿ ಕಾರಣವಲ್ಲ. ಮೊದಲನೆಯವನ ಹೋಟೆಲು ಫೋರ್ಟಿನಲ್ಲಿತ್ತು, ಅಷ್ಟೆ.

ಶಾಲೆಗೆ ಸ್ವಂತ ಕಟ್ಟಡ ಎಲ್ಲಿಂದ ಬರಬೇಕು? ಹಗಲು ಬೇರೆ ಶಾಲೆ ನಡೆಯುವ ಕೋಣೆಗಳನ್ನು ಸಂಜೆ ನಾವು ಪಡೆದುಕೊಳ್ಳುತ್ತಿದ್ದೆವು. ಬೆಂಚುಗಳು ಸಣ್ಣ ಮಕ್ಕಳ ಅಳತೆಯವು. ಹದಿನೆಂಟು ಇಪ್ಪತ್ತು ವಯಸ್ಸಿನ ಹುಡುಗರು ಮೊಣಕಾಲು ಮಡಚಿ ಕೂರಬೇಕಿತ್ತು. ಆರೂವರೆಗೆ ಗಂಟೆ, ಒಂಬತ್ತಕ್ಕೆ ಬಿಡುಗಡೆ. ಎರಡೂವರೆ ಗಂಟೆಯೊಳಗೆ ಗಣಿತ, ವಿಜ್ಞಾನ, ಇತಿಹಾಸ, ಕನ್ನಡ, ಇಂಗ್ಲಿಷ್, ಹಿಂದಿ, ಮರಾಠಿ ಎಲ್ಲ ಮುಗಿಯಬೇಕು. ಪಠ್ಯಪುಸ್ತಕಗಳು ಪುಣೆಯ ಬಾಲಭಾರತಿಯವು. 1967ರಲ್ಲಿ ಆರಂಭವಾದ ಈ ಸರಕಾರಿ ಸಂಸ್ಥೆ ಮರಾಠಿಯ ಜೊತೆಗೆ ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಪುಸ್ತಕ ಅಚ್ಚು ಹಾಕುತ್ತದೆ ಎಂದರೆ ನಿಮ್ಮಲ್ಲಿ ಅನೇಕರಿಗೆ ಆಶ್ಚರ್ಯವಾದೀತು. ಅದರಲ್ಲಿ ಶಿವಾಜಿ ಮಹಾರಾಜರ ಚರಿತ್ರೆಯನ್ನು ಕನ್ನಡದಲ್ಲಿ ಓದಿ ನಮ್ಮ ಹುಡುಗರು ಮಹಾರಾಷ್ಟ್ರ ಮಂಡಳಿಯ ಪರೀಕ್ಷೆಗೆ ಕೂತರು. ಊರಿನ ಪುಸ್ತಕವೂ ಇಲ್ಲಿಯ ಪುಸ್ತಕವೂ ಬೇರೆ ಬೇರೆ ಎಂಬ ಈ ಸಂಗತಿಯನ್ನು ಸ್ವಲ್ಪ ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಪಾಠ ಹೇಳುವವರಲ್ಲಿ ಹೆಚ್ಚಿನವರು ನನ್ನಂತೆ ಹಗಲು ಬೇರೆ ನೌಕರಿಯಲ್ಲಿದ್ದವರು. ಪಾಠ ಹೇಳುವುದಕ್ಕಿಂತ ಹೆಚ್ಚು ಹೊತ್ತು ಹೋಗುತ್ತಿದ್ದದ್ದು ಹುಡುಗರನ್ನು ಎಬ್ಬಿಸುವುದಕ್ಕೆ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಇಡ್ಲಿಯ ಹಂಡೆಗೆ ಬೆಂಕಿ ಹಾಕಿದವನಿಗೆ ರಾತ್ರಿ ಎಂಟಕ್ಕೆ ಬೀಜಗಣಿತ ಹೇಳಿದರೆ ಕಣ್ಣು ಮುಚ್ಚದೆ ಇರುತ್ತದೆಯೇ? ನಮ್ಮಲ್ಲಿ ಒಬ್ಬ ಹಿರಿಯ ಮಾಸ್ಟ್ರಿದ್ದರು. ನಿದ್ದೆ ಹೋದವನನ್ನು ಅವರು ಹೊಡೆದದ್ದು ನಾನು ಕಾಣೆ. "ಹತ್ತು ನಿಮಿಷ ಮಲಗಲಿ ಮಾರಾಯ್ರೆ, ಆಮೇಲೆ ತಲೆಗೆ ಹೋಗ್ತದೆ" ಅನ್ನುತ್ತಿದ್ದರು. ಒಬ್ಬ ಹುಡುಗನ ಕೈಬೆರಳುಗಳು ಸೋಡಾ ನೀರಿನಲ್ಲಿ ಪಾತ್ರೆ ತೊಳೆದು ತೊಳೆದು ಬಿಳಿಚಿಕೊಂಡು ಸೀಳಿಹೋಗಿದ್ದವು. ಪೆನ್ನು ಹಿಡಿದರೆ ಉರಿ. ಅವನು ಬಾಯಿಯಲ್ಲಿ ಉತ್ತರ ಹೇಳುವುದು, ಪಕ್ಕದವನು ಬರೆದುಕೊಡುವುದು ಎಂದು ನಾವೇ ಒಂದು ಏರ್ಪಾಡು ಮಾಡಿದೆವು.

ದಿನವೂ ಹಾಜರಿ ಕರೆಯುವಾಗ ಬರದವನ ಬಗ್ಗೆ ಕೇಳಿದರೆ ಉತ್ತರ ಒಂದೇ: "ಅವನನ್ನು ಧಣಿ ಬಿಡ್ಲಿಲ್ಲ ಮಾಸ್ಟ್ರೇ." ಹಾಗೆ ಸತತ ಮೂರು ದಿನ ಆದರೆ ನಾವು ಹೋಟೆಲಿಗೇ ಹೋಗುವ ರೂಢಿ ಇತ್ತು. ಗಲ್ಲಾದ ಮೇಲೆ ಕೂತ ಧಣಿಗಳು ನಮ್ಮವರೇ, ಹೆಚ್ಚಿನವರು ಪರಿಚಯದವರೇ. ಚಾ ತರಿಸುತ್ತಿದ್ದರು, ಊರಿನ ಮಳೆ ಬೆಳೆ ವಿಚಾರಿಸುತ್ತಿದ್ದರು. ಒಬ್ಬರು ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ನೀವು ಓದಿಸಿ ಮಾಸ್ಟ್ರೇ, ಬೇಡ ಅನ್ನುವುದಿಲ್ಲ. ಆದ್ರೆ ಆರು ಗಂಟೆಗೆ ಟೇಬಲ್ ಒರೆಸುವವರು ಯಾರು, ಹೇಳಿ?" ಇನ್ನೊಬ್ಬರು ಯಾರೂ ಕೇಳದೆಯೇ ಹುಡುಗರನ್ನು ಆರಕ್ಕೆ ಬಿಟ್ಟು, ಒಂಬತ್ತೂವರೆಗೆ ಬಂದವರಿಗೆ ಊಟ ತೆಗೆದಿರಿಸಿ, ಪರೀಕ್ಷೆಯ ತಿಂಗಳು ಬೆಳಗಿನ ಕೆಲಸವನ್ನೂ ಬಿಡಿಸುತ್ತಿದ್ದರು. ಅವರು ತಾವೇ ರಾತ್ರಿ ಶಾಲೆಯಲ್ಲಿ ಓದಿದವರು ಎಂದು ಆಮೇಲೆ ತಿಳಿಯಿತು. ಎಲ್ಲ ಓದಿದ ಧಣಿಗಳೂ ಹಾಗಿದ್ದರೆಂದು ಹೇಳಲಾರೆ. ಆದರೆ ಹುಡುಗನ ವಿದ್ಯೆಯ ಬೀಗದಕೈ ಇದ್ದದ್ದು ನಮ್ಮ ಶಾಲೆಯಲ್ಲಲ್ಲ, ಗಲ್ಲಾದ ಡ್ರಾಯರಿನಲ್ಲಿ ಎಂಬುದು ನನಗೆ ಎರಡನೇ ವರ್ಷವೇ ಗೊತ್ತಾಯಿತು.

ಪಾಸಾದವರ ಮುಂದಿನ ದಾರಿಯೂ ಫೋರ್ಟಿನಲ್ಲೇ ಇತ್ತು. ಡಾ. ಅಂಬೇಡ್ಕರ್ ಅವರ ಪೀಪಲ್ಸ್ ಎಜುಕೇಶನ್ ಸೊಸೈಟಿ 1946ರಲ್ಲಿ ಆರಂಭಿಸಿದ ಸಿದ್ಧಾರ್ಥ ಕಾಲೇಜು ದುಡಿಯುವವರಿಗೆ ಅನುಕೂಲವಾಗಲೆಂದು ಬೆಳಗಿನ ಹೊತ್ತು ತರಗತಿ ಇಟ್ಟಿತು. ಬೆಳಿಗ್ಗೆ ಕಾಲೇಜು, ಹಗಲು ಆಫೀಸಿನಲ್ಲಿ ಜವಾನಿಕೆ ಅಥವಾ ಗುಮಾಸ್ತಿಕೆ ಎಂದು ಓದಿ ಪದವಿ ಪಡೆದ ನಮ್ಮವರ ತಲೆಮಾರೇ ಒಂದಿದೆ. ಇವತ್ತು ಊರಿನಲ್ಲಿ ದೇವಸ್ಥಾನದ ಜೀರ್ಣೋದ್ಧಾರಕ್ಕೆ, ಶಾಲೆಯ ಕಟ್ಟಡಕ್ಕೆ 'ಮುಂಬಯಿ ದಾನಿಗಳು' ಎಂದು ಕಲ್ಲಿನಲ್ಲಿ ಹೆಸರು ಕೆತ್ತಿಸಿಕೊಂಡವರಲ್ಲಿ ಅಂಥವರು ಬಹಳ ಮಂದಿ.

ಆದರೆ ನಾನು ಹಾಜರಿ ಪುಸ್ತಕ ಬರೆದವನು. ಕಲ್ಲಿನಲ್ಲಿ ಹೆಸರು ಬಂದವರ ಜೊತೆಗೆ, ಜೂನ್ ತಿಂಗಳಲ್ಲಿ ಇದ್ದು ದೀಪಾವಳಿಯ ಹೊತ್ತಿಗೆ ಕೆಂಪು ಗೀಟು ಬಿದ್ದ ಹೆಸರುಗಳೂ ನನಗೆ ನೆನಪಿವೆ. ಎಂಟನೆಯದಕ್ಕೆ ನಲವತ್ತು ಮಂದಿ ಸೇರಿದರೆ ಹತ್ತನೆಯದರ ಪರೀಕ್ಷೆಗೆ ಹತ್ತು ಹನ್ನೆರಡು ಮಂದಿ ಕೂತ ವರ್ಷ ನಮಗೆ ಒಳ್ಳೆಯ ವರ್ಷ. ಉಳಿದವರು ದಡ್ಡರಲ್ಲ. ಹೋಟೆಲು ಬದಲಿಸಿದರು, ಕಾಯಿಲೆ ಬಿದ್ದರು, ಅಕ್ಕನ ಮದುವೆಯ ಸಾಲಕ್ಕೆ ಎರಡು ಕಡೆ ಕೆಲಸ ಹಿಡಿದರು. ರಾತ್ರಿ ಶಾಲೆಯನ್ನು ಹೊಗಳುವಾಗ ನಾವು ಮರೆಯುವ ಮಾತೊಂದಿದೆ. ಹನ್ನೆರಡು ವರ್ಷದ ಹುಡುಗ ಹದಿನಾಲ್ಕು ಗಂಟೆ ದುಡಿಯುವುದು ತಪ್ಪು ಎಂದು ನಾವ್ಯಾರೂ ಆಗ ಗಟ್ಟಿಯಾಗಿ ಹೇಳಲಿಲ್ಲ. ಇಡೀ ಸಮಾಜವೇ ಅದನ್ನು ಒಪ್ಪಿಕೊಂಡಿತ್ತು. ರಾತ್ರಿ ಶಾಲೆ ಆ ಗಾಯಕ್ಕೆ ಕಟ್ಟಿದ ಪಟ್ಟಿ. ಪಟ್ಟಿ ಕಟ್ಟಿದವರು ದೊಡ್ಡವರು, ಸಂಶಯವಿಲ್ಲ. ಹಾಗೆಂದು ಗಾಯವನ್ನೇ ಹಾರ ಹಾಕಿ ಮೆರವಣಿಗೆ ಮಾಡಬಾರದು.

ಇನ್ನು ಅಂಚೆಯ ಪಾಠ. ದಿಲ್ಲಿ ವಿಶ್ವವಿದ್ಯಾನಿಲಯ 1962ರಲ್ಲಿ ಅಂಚೆಯ ಮೂಲಕ ಪದವಿ ಶಿಕ್ಷಣ ಆರಂಭಿಸಿತು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಅದು ಬಂದದ್ದು 1969ರಲ್ಲಿ. 1996ರಲ್ಲಿ ಅದೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಮೈಸೂರಿನವರು ಇದಕ್ಕೆ ಕೊಟ್ಟ ಹೆಸರು ನನಗೆ ತುಂಬ ಇಷ್ಟ: 'ಅಂಚೆ ತೆರಪಿನ ಶಿಕ್ಷಣ.' ತೆರಪು ಅಂದರೆ ಎಡೆ, ಬಿಡುವು. ಕೆಲಸದ ನಡುವೆ ಸಿಗುವ ಸಣ್ಣ ಸಂದು. ಇಂಗ್ಲಿಷಿನವರು ದೂರವನ್ನು ಲೆಕ್ಕ ಹಾಕಿ ಹೆಸರಿಟ್ಟರು. ನಮ್ಮ ಭಾಷೆ ಬಿಡುವನ್ನು ಲೆಕ್ಕ ಹಾಕಿತು. ಓದುವವನಿಗೂ ಶಾಲೆಗೂ ನಡುವೆ ಇರುವ ನಿಜವಾದ ಅಡ್ಡಿ ಮೈಲುಗಳಲ್ಲ, ಬಿಡುವು ಇಲ್ಲದಿರುವುದು ಎಂದು ಆ ಹೆಸರಿಟ್ಟವರಿಗೆ ಹೊಳೆದಿತ್ತೋ ಇಲ್ಲವೋ, ಹೆಸರಿನಲ್ಲಂತೂ ಅದು ಕೂತಿದೆ. ಮುಂಬಯಿಯಲ್ಲಿ ಕೂತು ಮೈಸೂರಿನ ಪಾಠ ತರಿಸಿ ಕನ್ನಡ ಎಂ.ಎ. ಮಾಡಿಕೊಂಡ ಗೆಳೆಯರು ನನಗಿದ್ದರು. ಅವರಿಗೆ ನೌಕರಿ ಇತ್ತು, ಭಾನುವಾರ ಇತ್ತು, ಮನೆಯಲ್ಲಿ ಒಂದು ಮೇಜಿತ್ತು.

ಶಾಲೆಯ ಮಕ್ಕಳಿಗೆ ಇಂಥ ವ್ಯವಸ್ಥೆ ಬರಲು ಮತ್ತೂ ತಡವಾಯಿತು. 1979ರಲ್ಲಿ ಸಿಬಿಎಸ್‌ಇ ಮಂಡಳಿ ದಿಲ್ಲಿಯಲ್ಲಿ ಮುಕ್ತ ಶಾಲೆಯ ಯೋಜನೆ ಹಾಕಿಕೊಂಡಿತು. 1989ರಲ್ಲಿ ಅದು ರಾಷ್ಟ್ರೀಯ ಮುಕ್ತ ಶಾಲೆಯಾಗಿ, 2002ರಲ್ಲಿ ಈಗಿನ ಎನ್‌ಐಒಎಸ್ ಎಂಬ ಹೆಸರು ಪಡೆಯಿತು. ಐದೈದು ವಿಷಯವನ್ನು ಒಂದೇ ಏಟಿಗೆ ಬರೆಯಬೇಕಿಲ್ಲ, ಒಂದೊಂದಾಗಿ ಮುಗಿಸಿಕೊಳ್ಳಬಹುದು ಎಂಬುದು ಅದರ ದೊಡ್ಡ ಅನುಕೂಲ. ಮಹಾರಾಷ್ಟ್ರದಲ್ಲಿ 'ಹದಿನೇಳು ನಂಬರಿನ ಫಾರ್ಮು' ಎಂದೊಂದಿದೆ. ಶಾಲೆಗೆ ಹೋಗದೆ ಖಾಸಗಿಯಾಗಿ ಹತ್ತನೆಯದರ ಪರೀಕ್ಷೆಗೆ ಕೂರುವವರು ತುಂಬುವ ಫಾರ್ಮು ಅದು. ನಮ್ಮ ತರಗತಿ ಬಿಟ್ಟ ಕೆಲವು ಹುಡುಗರಿಂದ ನಾನೇ ಅದನ್ನು ತುಂಬಿಸಿದ್ದೆ. "ಬರಲಿಕ್ಕೆ ಆಗದಿದ್ದರೆ ಬೇಡ, ಪುಸ್ತಕ ಕೊಡ್ತೇನೆ, ಹೋಟೆಲಿನಲ್ಲೇ ಓದು" ಎಂದು ಹೇಳಿದ್ದೆ. ಹೋಟೆಲಿನಲ್ಲಿ ಎಲ್ಲಿ ಓದುವುದು? ಎಂಟು ಹತ್ತು ಮಂದಿ ಮಲಗುವ ಅಟ್ಟದಲ್ಲಿ ಒಂದು ಬಲ್ಬು. ಒಬ್ಬ ಹಚ್ಚಿಟ್ಟರೆ ಉಳಿದವರಿಗೆ ನಿದ್ದೆ ಇಲ್ಲ, ಬೆಳಿಗ್ಗೆ ನಾಲ್ಕೂವರೆಗೆ ಎಲ್ಲರೂ ಏಳಬೇಕು. ಪುಸ್ತಕ ತಲುಪಿತು, ತೆರಪು ತಲುಪಲಿಲ್ಲ.

ಇದು ನನಗೆ ಇನ್ನೂ ಸ್ಪಷ್ಟವಾಗಿ ಕಂಡದ್ದು ಒಂದು ಕೆಟ್ಟ ಕಾಲದಲ್ಲಿ. 1992ರ ಡಿಸೆಂಬರಿನಲ್ಲಿ, ಮತ್ತೆ 1993ರ ಜನವರಿಯಲ್ಲಿ ಮುಂಬಯಿ ಹೊತ್ತಿ ಉರಿಯಿತು. ಕರ್ಫ್ಯೂ ಇದ್ದ ಕಡೆ ಸಂಜೆ ಯಾರೂ ಹೊರಗೆ ಬರುವಂತಿಲ್ಲ; ಇಲ್ಲದ ಕಡೆಯೂ ಬರುವ ಧೈರ್ಯವಿಲ್ಲ. ಮಾರ್ಚಿನಲ್ಲಿ ಪರೀಕ್ಷೆ. ನಾವು ಮೂವರು ಮಾಸ್ಟ್ರು ಸೇರಿ ಕಾರ್ಬನ್ ಕಾಗದ ಇಟ್ಟು ಪಾಠದ ಟಿಪ್ಪಣಿ ಬರೆದೆವು, ಕೊನೆಗೆ ಹತ್ತು ಪ್ರಶ್ನೆ ಸೇರಿಸಿದೆವು. ಬೆಳಿಗ್ಗೆ ಹೋಟೆಲುಗಳಿಗೆ ತರಕಾರಿ ಹಾಕುವ ಪರಿಚಯದವರೊಬ್ಬರ ಕೈಯಲ್ಲಿ ಕಳಿಸಿದೆವು. ಉತ್ತರ ಬರೆದು ಅವರ ಕೈಯಲ್ಲೇ ವಾಪಸು ಕಳಿಸಬೇಕು. ಹೋಟೆಲುಗಳಲ್ಲಿ ವ್ಯಾಪಾರ ಇರಲಿಲ್ಲ. ಹುಡುಗರಿಗೆ ಆ ವರ್ಷ ಮೊದಲ ಸಲ ಬೇಕಾದಷ್ಟು ಬಿಡುವಿತ್ತು. ಆದರೂ ಹೆಚ್ಚಿನ ಕಾಗದಗಳು ಖಾಲಿಯಾಗಿ ಬಂದವು, ಕೆಲವು ಬರಲೇ ಇಲ್ಲ. ಪೂರ್ತಿ ಬರೆದು ಬಂದವು ಎರಡು ಹೋಟೆಲುಗಳಿಂದ ಮಾತ್ರ. ಒಂದರಲ್ಲಿ ಅಡುಗೆಯ ಭಟ್ಟರು ಊರಿನಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವರು, ಸಂಜೆ ಹುಡುಗರನ್ನು ಸುತ್ತ ಕೂರಿಸಿಕೊಂಡು ಓದಿಸಿದ್ದರು. ಇನ್ನೊಂದರಲ್ಲಿ ನಮ್ಮದೇ ಹಳೆ ವಿದ್ಯಾರ್ಥಿಯೊಬ್ಬ ಮ್ಯಾನೇಜರನಾಗಿದ್ದ. ಬಿಡುವು ಒಂದೇ ಇದ್ದರೆ ಸಾಲದು, ಆ ಬಿಡುವಿನ ಪಕ್ಕದಲ್ಲಿ ಕೂರುವ ಒಬ್ಬ ಮನುಷ್ಯ ಬೇಕು ಎಂಬುದು ಆ ಕಾಗದಗಳಿಂದ ತಿಳಿಯಿತು.

ಆಕಾಶದ ಪಾಠದ ಕಥೆ ಮುಂಬಯಿಯದಲ್ಲ, ಆದರೂ ಹೊರನಾಡಿಗೆ ಸಂಬಂಧಪಟ್ಟದ್ದು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಭಾರತದಲ್ಲಿ 'ಸೈಟ್' ಎಂಬ ಪ್ರಯೋಗ ನಡೆಯಿತು. ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷ ಬಳಸಿಕೊಂಡು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೀವಿ ಕಾರ್ಯಕ್ರಮ ಕಳಿಸಿದರು. ಕರ್ನಾಟಕದಿಂದ ಆಯ್ಕೆಯಾದದ್ದು ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ ಒಂದೊಂದು ಭಾಷೆಯಲ್ಲಿ ಇಪ್ಪತ್ತೆರಡೂವರೆ ನಿಮಿಷ, ಸಂಜೆ ದೊಡ್ಡವರಿಗೆ. ಆ ಹಳ್ಳಿಗಳಿಗೆ ಬೇಕಾದ ಕನ್ನಡ ಕಾರ್ಯಕ್ರಮಗಳನ್ನು ತಯಾರಿಸುವ ಕೇಂದ್ರ ಇದ್ದದ್ದು ಹೈದರಾಬಾದಿನಲ್ಲಿ, ತೆಲುಗು ಕಾರ್ಯಕ್ರಮಗಳ ಜೊತೆಯಲ್ಲೇ. ಬೆಂಗಳೂರಿಗೆ ಟೀವಿ ಬರುವ ಮೊದಲೇ ಹೀಗೆ ಕಲ್ಯಾಣ ಕರ್ನಾಟಕದ ಹಳ್ಳಿಯ ಮಗು ಪರರಾಜ್ಯದ ನಗರದಲ್ಲಿ ತಯಾರಾದ ಕನ್ನಡ ಪಾಠವನ್ನು ನೋಡಿತು. ಪ್ರಯೋಗ ಮುಗಿದ ಮೇಲೆ 1977ರಲ್ಲಿ ಗುಲಬರ್ಗಾದಲ್ಲಿ ಪ್ರಸಾರ ಕೇಂದ್ರ ಬಂತು.

ಸೈಟ್ ಪ್ರಯೋಗದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಉಪಗ್ರಹವಲ್ಲ. ಹಳ್ಳಿಗೆ ಒಂದೇ ಟೀವಿ, ಅದೂ ಎಲ್ಲರೂ ಕೂಡಿ ನೋಡುವಂಥದ್ದು. ಪಾಠ ಎಷ್ಟೋ ಸಾವಿರ ಮೈಲು ಮೇಲಿಂದ ಬಂದರೂ ಮಕ್ಕಳು ಕೂತದ್ದು ಶಾಲೆಯ ಜಗಲಿಯಲ್ಲಿ, ಪಕ್ಕದಲ್ಲಿ ಗೆಳೆಯರಿದ್ದರು, ಮಾಸ್ತರರಿದ್ದರು. ಶಾಲೆಯ ಹೊತ್ತನ್ನು ಯಾರೂ ಮುರಿಯಲಿಲ್ಲ. ಮುಂದೆ 2004ರ ಸೆಪ್ಟೆಂಬರಿನಲ್ಲಿ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿಸಿದಾಗಲೂ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳನ್ನು ಪ್ರಯೋಗಕ್ಕೆ ಆರಿಸಿಕೊಂಡರು. ಅಲ್ಲೂ ಪಾಠ ಇಳಿದದ್ದು ಶಾಲೆಯ ಕೋಣೆಗೆ. ದೂರದಿಂದ ಬಂದ ಪಾಠ ಹತ್ತಿರದ ಮಾಸ್ತರರ ಕೈಗೆ ಸಿಕ್ಕಿ ಮಗುವಿಗೆ ಮುಟ್ಟಿತು.

ಈ ನಡುವೆ ಮುಂಬಯಿಯ ಕನ್ನಡ ರಾತ್ರಿ ಶಾಲೆಗಳು ಬರಿದಾಗತೊಡಗಿದವು. ಇದನ್ನು ಬೇಸರದಿಂದ ಹೇಳುವವರಿದ್ದಾರೆ, ನಾನು ಬೇಸರ ಪಡುವುದಿಲ್ಲ. ಊರಿನಲ್ಲೇ ಹೈಸ್ಕೂಲುಗಳಾದವು, ಮನೆಯವರು ಮಕ್ಕಳನ್ನು ಓದಿಸಿಯೇ ಹೊರಗೆ ಕಳಿಸತೊಡಗಿದರು. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡತೊಡಗಿದಾಗ ಅದರಲ್ಲಿ ಬಂದಿಳಿದ ಹುಡುಗರ ಕೈಯಲ್ಲಿ ಪದವಿಯ ಸರ್ಟಿಫಿಕೇಟು ಇತ್ತು. ಬಾಲಕಾರ್ಮಿಕರ ಕಾನೂನು 1986ರಲ್ಲೇ ಬಂದಿದ್ದರೂ ಹೋಟೆಲು, ಢಾಬಾ, ಮನೆಗೆಲಸಗಳಲ್ಲಿ ಹದಿನಾಲ್ಕರ ಕೆಳಗಿನವರನ್ನು ಇಟ್ಟುಕೊಳ್ಳಬಾರದು ಎಂಬ ನಿಷೇಧ ಜಾರಿಗೆ ಬಂದದ್ದು 2006ರ ಅಕ್ಟೋಬರ್ 10ರಂದು. ಶಿಕ್ಷಣದ ಹಕ್ಕಿನ ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಾಯಿತು. ನಮ್ಮ ತರಗತಿಯಲ್ಲಿ ಬೆಂಚು ಖಾಲಿಯಾಯಿತೆಂದರೆ ಆ ವಯಸ್ಸಿನ ನಮ್ಮೂರ ಹುಡುಗ ಎಲ್ಲೋ ಹಗಲು ಶಾಲೆಯಲ್ಲಿ ಕೂತಿದ್ದಾನೆ ಎಂದು ಅರ್ಥ. ಅದಕ್ಕಿಂತ ಸಂತೋಷ ಇನ್ನೇನು ಬೇಕು?

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಕರಾವಳಿಯವರು ಖಾಲಿ ಮಾಡಿದ ಜಾಗಕ್ಕೆ ಕನ್ನಡದ ಬೇರೆ ಮಕ್ಕಳು ಬಂದರು. ಮುಂಬಯಿ ಮಹಾನಗರ ಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸಿಕೊಂಡು ಬಂದಿದೆ, ಅದರಲ್ಲಿ ಕನ್ನಡವೂ ಒಂದು. ನಿವೃತ್ತಿಯ ನಂತರ ನಾನು ಅಂಥ ಶಾಲೆಗಳ ಮಕ್ಕಳಿಗೆ ಸಂಜೆ ಪಾಠ ಹೇಳಲು ಹೋದಾಗ ನನ್ನ ಎದುರು ಕೂತವರು ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯವರು. ಅಪ್ಪ ಅಮ್ಮ ಕಟ್ಟಡದ ಕೆಲಸ, ರಸ್ತೆ ಅಗೆಯುವ ಕೆಲಸ. ಒಂದು ಕಟ್ಟಡ ಮುಗಿದರೆ ಇನ್ನೊಂದು ಕಡೆಗೆ ಗುಡಿಸಲು ಎತ್ತಬೇಕು. ಸೈಟ್ ಪ್ರಯೋಗದ ಟೀವಿ ನೋಡಿದ ಜಿಲ್ಲೆಗಳ ಮೊಮ್ಮಕ್ಕಳು ಇವರು.

2020ರ ಮಾರ್ಚಿನಲ್ಲಿ ಶಾಲೆ ಮುಚ್ಚಿತು. ಕೆಲವರು ಊರಿಗೆ ಹೋದರು, ಕೆಲವರು ಇಲ್ಲೇ ಸಿಕ್ಕಿಹಾಕಿಕೊಂಡರು. ಜುಲೈಯಲ್ಲಿ ಮಹಾರಾಷ್ಟ್ರದ ಮಕ್ಕಳಿಗಾಗಿ ಸಹ್ಯಾದ್ರಿ ವಾಹಿನಿಯಲ್ಲಿ 'ಟಿಲಿಮಿಲಿ' ಶುರುವಾಯಿತು, ಅದು ಮರಾಠಿಯಲ್ಲಿ. ಅದೇ ಜುಲೈಯಲ್ಲಿ ಕರ್ನಾಟಕದ ಚಂದನದಲ್ಲಿ 'ಸಂವೇದ' ಪಾಠಗಳು ಬಂದವು, ಅವು ಕನ್ನಡದಲ್ಲಿದ್ದವು, ಆದರೆ ಕರ್ನಾಟಕದ ಪುಸ್ತಕಕ್ಕೆ ತಕ್ಕವು. ನಮ್ಮ ಮಗುವಿನ ಕೈಯಲ್ಲಿದ್ದದ್ದು ಪುಣೆಯ ಬಾಲಭಾರತಿಯ ಕನ್ನಡ ಪುಸ್ತಕ. ಒಂದು ವಾಹಿನಿಯ ಭಾಷೆ ಬೇರೆ, ಇನ್ನೊಂದರ ಪಾಠ ಬೇರೆ. ಎರಡು ಸರಕಾರಗಳೂ ತಮ್ಮ ತಮ್ಮ ಮಕ್ಕಳನ್ನು ನೋಡಿಕೊಂಡವು. ನಡುವೆ ನಿಂತ ಈ ಮಗು ಯಾರದು? ಮುಂಬಯಿಯಲ್ಲಷ್ಟೇ ಅಲ್ಲ, ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಕನ್ನಡ ಶಾಲೆಗಳ ಮಕ್ಕಳೂ ಇದೇ ಸಂದಿನಲ್ಲಿದ್ದರು.

ಶಿಕ್ಷಕರು ಪಾಠಗಳನ್ನು ಮೊಬೈಲಿಗೆ ಕಳಿಸಿದರು. ನಾನೂ ಗಣಿತದ ಲೆಕ್ಕಗಳನ್ನು ಕಳಿಸುತ್ತಿದ್ದೆ. ಆರನೇ ಇಯತ್ತೆಯ ಒಬ್ಬ ಹುಡುಗಿಯಿಂದ ಉತ್ತರ ಬರದಿದ್ದಾಗ ಅವಳ ತಾಯಿಗೆ ಫೋನು ಮಾಡಿದೆ. "ಫೋನು ಅವರಪ್ಪನ ಕಡೆ ಇರ್ತದ್ರಿ ಸರ. ಅವ್ರು ಕೆಲಸಕ್ಕ ಒಯ್ತಾರ್ರಿ, ಇವತ್ತ್ ನನ್ನ ಕಡೆ ಐತಿ ಅಂತ ನಿಮಗ ಸಿಕ್ಕೇನ್ರಿ. ಅವ್ರು ರಾತ್ರಿ ಬರೋದ್ರಾಗ ಈಕಿ ಮಲಗಿರ್ತಾಳ್ರಿ. ಹಗಲೆಲ್ಲಾ ಸಣ್ಣ ಕೂಸಿನ್ನ ನೋಡ್ಕೊಬೇಕಲ್ರಿ," ಎಂದರು. ಇಪ್ಪತ್ತೇಳು ವರ್ಷದ ಹಿಂದಿನ ಖಾಲಿ ಕಾರ್ಬನ್ ಪ್ರತಿಗಳೇ ಕಣ್ಣ ಮುಂದೆ ಬಂದವು. ಆಗ ತರಕಾರಿಯವರ ಕೈಯಲ್ಲಿ ಹೋದ ಪಾಠ ಈಗ ಗಾಳಿಯಲ್ಲಿ ಕ್ಷಣದೊಳಗೆ ಹೋಯಿತು. ಆದರೆ ಹನ್ನೊಂದು ವರ್ಷದ ಹುಡುಗಿಗೆ ದಿನದಲ್ಲಿ ಎರಡು ಗಂಟೆ ತೆರಪು ಮಾಡಿಕೊಡುವ ಯಂತ್ರವನ್ನು ಯಾರೂ ಕಂಡುಹಿಡಿದಿಲ್ಲ.

ಕರ್ನಾಟಕದಲ್ಲಿ 2020ರ ಆಗಸ್ಟಿನಲ್ಲಿ ಆರಂಭವಾದ 'ವಿದ್ಯಾಗಮ'ದಲ್ಲಿ ಮಾಸ್ತರರೇ ಓಣಿಗೆ, ಗುಡಿಯ ಕಟ್ಟೆಗೆ ಹೋಗಿ ಸಣ್ಣ ಸಣ್ಣ ಗುಂಪಿಗೆ ಪಾಠ ಹೇಳಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಆ ಭಯ ಸುಳ್ಳಾಗಿರಲಿಲ್ಲ. ಆದರೂ ಆ ವರ್ಷ ನಡೆದ ಏರ್ಪಾಡುಗಳಲ್ಲಿ ಅದೊಂದು ನಮ್ಮ ಹಳೆಯ ರಾತ್ರಿ ಶಾಲೆಗೆ ಹತ್ತಿರದ್ದು ಎಂದು ನನಗೆ ಕಂಡಿತು. ಪಾಠ ಅಷ್ಟೇ ಅಲ್ಲ, ಮಾಸ್ತರರೂ ಮಗುವಿನ ಬಳಿಗೆ ನಡೆದು ಹೋಗಿದ್ದರು.

ಹೊಸ ಸಾಧನಗಳನ್ನು ಬೇಡವೆನ್ನುವ ಮುದುಕ ನಾನಲ್ಲ. ಕಾಯಿಲೆಯಿಂದ ಹಾಸಿಗೆ ಹಿಡಿದ ಮಗುವಿಗೆ, ನಡೆಯಲಾಗದ ಮಗುವಿಗೆ ಪಾಠ ಮನೆಗೇ ಬರುವುದು ವರವೇ ಸರಿ. ಊರೂರು ಸುತ್ತುವ ಕೂಲಿಯವರ ಮಕ್ಕಳಿಗೆ ಮುಕ್ತ ಶಾಲೆಯ ಒಂದೊಂದೇ ವಿಷಯದ ಪರೀಕ್ಷೆ ಬಹಳ ಒಳ್ಳೆಯದು. ನಾನು ಹೇಳುವುದು ಇಷ್ಟೆ. ಪಾಠ ಕಳಿಸಿದೆವು ಎಂದು ಲೆಕ್ಕ ಬರೆಯುವವರು ಅದನ್ನು ತೆಗೆದು ನೋಡಲು ಮಗುವಿಗೆ ಹೊತ್ತು ಯಾರು ಕೊಟ್ಟರು, ಪಕ್ಕದಲ್ಲಿ ಯಾರು ಕೂತರು ಎಂಬ ಎರಡು ಅಂಕಣಗಳನ್ನೂ ಆ ಲೆಕ್ಕದಲ್ಲಿ ಸೇರಿಸಬೇಕು. ಹಾಜರಿ ಕರೆದು, ಬರದವನನ್ನು ಹುಡುಕಿಕೊಂಡು ಹೋಗುವವರು ಇಲ್ಲದಿದ್ದರೆ ಅದು ಅಂಚೆಯಾಗುತ್ತದೆ, ಶಾಲೆಯಾಗುವುದಿಲ್ಲ.

ಒಳನಾಡಿನ ಓದುಗರಾದ ನಿಮ್ಮಲ್ಲಿ ಒಂದು ಬೇಡಿಕೆ. ಹೊರನಾಡ ಕನ್ನಡಿಗರೆಂದರೆ ನಿಮಗೆ ಕಾಣುವುದು ಸಮ್ಮೇಳನದಲ್ಲಿ ಶಾಲು ಹೊದ್ದು ಕೂತ ನಾವು. ಕಲಬುರಗಿಯಿಂದ ಮುಂಬಯಿ, ಪುಣೆಗೆ ಹೋಗುವ ರೈಲಿನ ಜನರಲ್ ಡಬ್ಬಿಯಲ್ಲಿ ಚೀಲದ ಮೇಲೆ ಕೂತು ಬರುವ ಮಗುವೂ ಹೊರನಾಡ ಕನ್ನಡಿಗನೇ. ಅವನು ಊರಿನ ಶಾಲೆ ಬಿಟ್ಟ ದಿನ ಅಲ್ಲಿಯ ಹಾಜರಿ ಪುಸ್ತಕದಲ್ಲಿ ಒಂದು ಗೀಟು ಬೀಳುತ್ತದೆ. ಆ ಗೀಟು ಎಳೆದ ಮಾಸ್ತರರು ಅವನು ಯಾವ ಊರಿಗೆ, ಯಾವ ಕಟ್ಟಡದ ಕೆಲಸಕ್ಕೆ ಹೋದನೆಂದು ಅವರ ಮನೆಯವರನ್ನು ಕೇಳಿ ಪಕ್ಕದಲ್ಲಿ ಬರೆದಿಡಲಿ. ವಿಳಾಸ ಗೊತ್ತಾದರೆ ಹುಡುಕಿಕೊಂಡು ಹೋಗಲು ಇಲ್ಲಿ ಇನ್ನೂ ನಾಲ್ಕು ಜನರಿದ್ದೇವೆ.